ಬರೆಯದ ಗಂಟೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ಲೆಕ್ಕ ಬರೆಯುವ ವೃತ್ತಿಯು ಹೊಸತಲ್ಲ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಬೈಲಹೊಂಗಲದ ಅಡತಿ ಅಂಗಡಿಗಳಲ್ಲಿ ಗಾದಿಯ ಮೇಲೆ ಕುಳಿತು, ಕೀರ್ದಿ ಖತಾವಣಿಗಳನ್ನು ಮುಂದೆ ಹರಡಿಕೊಂಡು, ರೈತನ ಕಣ್ಣೆದುರಿಗೆ ತೂಗಿದ ಮಾಲಿನ ಹಣವನ್ನು ಅವನ ಹೆಸರಿಗೆ ಜಮೆ ಮಾಡುತ್ತಿದ್ದ ದಿವಾನಜಿಯ ಮಾತಿಗೆ ಪೇಟೆಯಲ್ಲಿ ತೂಕವಿದ್ದಿತು. ಅವನು ಬರೆದುದು ಸತ್ಯವೆಂಬ ನಂಬಿಕೆಯ ಮೇಲೆ ರೈತನೂ ವರ್ತಕನೂ ವರ್ಷವನ್ನು ಕಳೆಯುತ್ತಿದ್ದರು. ಅಂಥ ಮನೆತನಗಳ, ಅವರಿಗಿಂತಲೂ ಹೆಚ್ಚಾಗಿ ಒಕ್ಕಲಮನೆಗಳ ಮತ್ತು ರಾಮದುರ್ಗದ ಕಡೆಯ ನೇಕಾರರ ಮಕ್ಕಳು ಇಂದು ಬೆಂಗಳೂರಿನ ಗಾಜಿನ ಸೌಧಗಳಲ್ಲಿ, ಜಗತ್ತಿನ ಅತಿದೊಡ್ಡ ಲೆಕ್ಕಪರಿಶೋಧನಾ ಮತ್ತು ಸಲಹಾ ಸಂಸ್ಥೆಗಳ ನೌಕರರಾಗಿ ದುಡಿಯುತ್ತಿದ್ದಾರೆ. ಅವರು ಹಬ್ಬಕ್ಕೆ ಊರಿಗೆ ಬಂದಾಗ ಸಂಬಳದ ಮಾತನ್ನು ಎಲ್ಲರೂ ಕೇಳುತ್ತಾರೆ. ಕೆಲಸದ ಸ್ವರೂಪವೇನೆಂದು ಕೇಳುವವರು ವಿರಳ.

ಬೈಲಹೊಂಗಲಕ್ಕಾಗಲಿ ಸವದತ್ತಿ ರಾಮದುರ್ಗಗಳಿಗಾಗಲಿ ರೈಲುಮಾರ್ಗವಿಲ್ಲದುದರಿಂದ ಇವರು ಬಸ್ಸಿನಲ್ಲಿ ಬೆಳಗಾವಿಗೋ ಧಾರವಾಡಕ್ಕೋ ಹೋಗಿ, ಬೈಲಹೊಂಗಲದ ಮಣ್ಣಿನಲ್ಲಿ ಸಮಾಧಿಯಾಗಿರುವ ರಾಣಿ ಚೆನ್ನಮ್ಮನ ಹೆಸರನ್ನೇ ಹೊತ್ತ ರೈಲಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ರಾಜಧಾನಿಯನ್ನು ಸೇರುತ್ತಾರೆ. ಕೆಲವರು ಬಿ.ಕಾಂ. ಮುಗಿಸಿ ನೇರವಾಗಿ ಹೋದವರು. ಉಳಿದವರು 1949ರ ಕಾಯಿದೆಯಿಂದ ಸ್ಥಾಪಿತವಾದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಪರೀಕ್ಷೆಗಳನ್ನು ಬರೆಯುತ್ತ, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ಲೆಕ್ಕಪರಿಶೋಧಕರ ಕೈಕೆಳಗೆ ಆರ್ಟಿಕಲ್‌ಶಿಪ್ ಮುಗಿಸಿ ಹೋದವರು. ಈ ಶಿಷ್ಯವೃತ್ತಿಯು ಮೊದಲು ಮೂರು ವರ್ಷಗಳದಾಗಿದ್ದು, 2023ರಿಂದ ಎರಡು ವರ್ಷಗಳಿಗೆ ಇಳಿದಿದೆ.

ಇವರು ಸೇರಬಯಸುವ ಸಂಸ್ಥೆಗಳನ್ನು ವೃತ್ತಿಯಲ್ಲಿರುವವರು 'ಬಿಗ್ ಫೋರ್' ಎಂದೇ ಕರೆಯುತ್ತಾರೆ: ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ. ಇವುಗಳಲ್ಲಿ ಡೆಲಾಯ್ಟ್ ಸಂಸ್ಥೆಯ ಮೂಲವು 1845ರಲ್ಲಿ ಲಂಡನ್ನಿನಲ್ಲಿ ತೆರೆದ ಒಂದು ಸಣ್ಣ ಕಚೇರಿ. 1980ರ ದಶಕದಲ್ಲಿ ಇಂಥ ಮಹಾಸಂಸ್ಥೆಗಳು ಎಂಟಿದ್ದವು. 1989ರ ವಿಲೀನಗಳಿಂದ ಆರಾದವು, 1998ರಲ್ಲಿ ಐದಾದವು, ಅಮೆರಿಕದ ಎನ್ರಾನ್ ಕಂಪನಿಯ ಹಗರಣದಲ್ಲಿ ಅವುಗಳಲ್ಲೊಂದಾದ ಆರ್ಥರ್ ಆಂಡರ್ಸನ್ ಕುಸಿದು ಬಿದ್ದ 2002ರಲ್ಲಿ ನಾಲ್ಕಾದವು. ಕಂಪನಿಗಳ ಲೆಕ್ಕವನ್ನು ಪರಿಶೋಧಿಸುವುದು, ತೆರಿಗೆಯ ವಿಷಯದಲ್ಲಿ ಮಾರ್ಗದರ್ಶನ ನೀಡುವುದು, ವ್ಯವಹಾರದ ಸಲಹೆ ಕೊಡುವುದು ಇವುಗಳ ಕಾರ್ಯ.

ಆದರೆ ಇವು ಮಾರುವ ಸರಕು ಯಾವುದು? ಗಿರಣಿಯು ನೂಲನ್ನು ಮಾರುತ್ತದೆ, ಮುಗುಟಖಾನ ಹುಬ್ಬಳ್ಳಿಯ ಕಾರ್ಖಾನೆಯು ಸಕ್ಕರೆಯನ್ನು ಮಾರುತ್ತದೆ. ಈ ಸಂಸ್ಥೆಗಳು ತಮ್ಮ ನೌಕರರ ಗಂಟೆಗಳನ್ನು ಮಾರುತ್ತವೆ. ಒಂದು ಕೆಲಸವನ್ನು ಒಪ್ಪಿಕೊಳ್ಳುವ ಮೊದಲು, ಪಾರ್ಟ್ನರ್‌ಗೆ ಇಷ್ಟು ಗಂಟೆ, ಮ್ಯಾನೇಜರ್‌ಗೆ ಇಷ್ಟು, ಹೊಸದಾಗಿ ಸೇರಿದ ಅಸೋಸಿಯೇಟ್‌ಗೆ ಇಷ್ಟು ಎಂದು ಅಂದಾಜು ಹಾಕಿ, ಅದರ ಆಧಾರದ ಮೇಲೆ ಶುಲ್ಕವನ್ನು ನಿಶ್ಚಯಿಸುತ್ತಾರೆ. ಪ್ರತಿಯೊಬ್ಬ ನೌಕರನೂ ವಾರಕ್ಕೊಮ್ಮೆ ಟೈಮ್‌ಶೀಟ್ ತುಂಬಿ, ಯಾವ ಗ್ರಾಹಕನ ಕೆಲಸಕ್ಕೆ ಎಷ್ಟು ಗಂಟೆ ವ್ಯಯಿಸಿದೆನೆಂದು ನಮೂದಿಸಬೇಕು. ನೋಡುವುದಕ್ಕೆ ಇದು ನ್ಯಾಯವಾದ ಪದ್ಧತಿ. ವೃತ್ತಿಯಲ್ಲಿರುವ ತರುಣರೊಡನೆ ಸ್ವಲ್ಪ ಹೊತ್ತು ಬಿಚ್ಚುಮನಸ್ಸಿನಿಂದ ಮಾತನಾಡಿದರೆ, ಈ ಹಾಳೆಯಲ್ಲಿಯೇ ಅವರ ದುಃಖದ ಮೂಲವಿರುವುದು ಗೋಚರವಾಗುತ್ತದೆ.

ಅಂದಾಜಿನಲ್ಲಿ ನಲವತ್ತು ಗಂಟೆ ಗೊತ್ತುಮಾಡಿದ ಕೆಲಸಕ್ಕೆ ಅರವತ್ತು ಗಂಟೆ ಹಿಡಿಯಿತೆಂದು ಭಾವಿಸೋಣ. ಅರವತ್ತನ್ನು ಬರೆದರೆ, ಕೆಲಸ ಬಾರದವನೆಂಬ ಹೆಸರು ಬಂದೀತೆಂದು ಹೊಸಬನು ಹೆದರುತ್ತಾನೆ. ಲಾಭ ಕಡಿಮೆಯಾಯಿತೆಂದು ಮ್ಯಾನೇಜರ್‌ನನ್ನು ಮೇಲಿನವರು ಕೇಳುತ್ತಾರೆ. ವರ್ಷದ ಕೊನೆಯಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಶ್ರೇಣಿ ಕೊಡುವಾಗ ಆ ಇಪ್ಪತ್ತು ಗಂಟೆಗಳು ಅವನಿಗೆ ಪ್ರತಿಕೂಲವಾಗಿ ನಿಲ್ಲುತ್ತವೆ. ಆದುದರಿಂದ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅವನು ನಲವತ್ತನ್ನೇ ಬರೆಯುತ್ತಾನೆ. ಉಳಿದ ಇಪ್ಪತ್ತು, ರಾತ್ರಿ ಹನ್ನೊಂದರ ಅನಂತರ ಬಾಡಿಗೆಯ ಕೋಣೆಯಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿದ ಗಂಟೆಗಳು, ಯಾವ ಲೆಕ್ಕಕ್ಕೂ ಸೇರದೆ ಹೋಗುತ್ತವೆ. ಇದಕ್ಕಿಂತಲೂ ಘೋರವಾದುದು ಮುಂದಿನ ವರ್ಷದ ಸಂಗತಿ: ಹಳೆಯ ಹಾಳೆಯನ್ನು ನೋಡಿ ಈ ಕೆಲಸಕ್ಕೆ ನಲವತ್ತು ಗಂಟೆ ಸಾಕೆಂದು ಮತ್ತೆ ಅಂದಾಜು ಹಾಕುತ್ತಾರೆ, ಮತ್ತೊಬ್ಬ ಹೊಸಬನು ಆ ನಲವತ್ತರೊಳಗೆ ಅರವತ್ತನ್ನು ಅಡಗಿಸಬೇಕಾಗುತ್ತದೆ. ಅನ್ಯರ ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಕಾರಣ ಕೇಳುವ ವೃತ್ತಿಯು ತನ್ನ ಮಕ್ಕಳ ದುಡಿಮೆಯ ಲೆಕ್ಕವನ್ನು ಹೀಗೆ ತಪ್ಪಾಗಿ ಇಡುವುದನ್ನು ಕಂಡು ನನಗೆ ತುಂಬ ನೋವಾಗುತ್ತದೆ.

ಈ ವೃತ್ತಿಯು ಕೊಡುವುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಇಪ್ಪತ್ತಮೂರರ ಹೆಣ್ಣುಮಗಳೊಬ್ಬಳು ದೊಡ್ಡ ಕಾರ್ಖಾನೆಯ ಹಣಕಾಸಿನ ಅಧಿಕಾರಿಯ ಮುಂದೆ ಕುಳಿತು, "ಈ ಖರ್ಚಿನ ವೋಚರ್ ಎಲ್ಲಿ?" ಎಂದು ಕೇಳುತ್ತಾಳೆ; ಅವಳ ತಂದೆಯ ವಯಸ್ಸಿನ ಆ ಅಧಿಕಾರಿಯು ಎದ್ದುಹೋಗಿ ಕಡತ ತಂದು ತೋರಿಸಬೇಕಾಗುತ್ತದೆ. ಮಾರ್ಚ್ 31ರಂದು ಗೋದಾಮಿಗೆ ಹೋಗಿ ದಾಸ್ತಾನನ್ನು ಕಣ್ಣಾರೆ ಎಣಿಸುವಾಗ, ಪುಸ್ತಕದಲ್ಲಿ ಕಲಿಯಲಾಗದ ವ್ಯವಹಾರಜ್ಞಾನವು ಅವಳಿಗೆ ಲಭಿಸುತ್ತದೆ. ಅಲ್ಲಿ ಎರಡು ಮೂರು ವರ್ಷ ದುಡಿದವರಿಗೆ ಮುಂದೆ ಬೇರೆ ಕಂಪನಿಗಳ ಬಾಗಿಲು ತೆರೆಯುವುದೂ, ಊರಿನ ಮನೆಯ ಸಾಲ ತೀರುವುದೂ, ತಮ್ಮನ ಓದು ಮುಂದುವರಿಯುವುದೂ ನಾನು ಕಂಡ ಸತ್ಯ. ಆದುದರಿಂದಲೇ ಇವರು ಸಹಿಸುತ್ತಾರೆ, ಸಹಿಸುತ್ತಿರುವುದನ್ನು ಮನೆಯಲ್ಲಿ ಹೇಳುವುದಿಲ್ಲ.

ಕೆಲಸವು ಮೇರೆಮೀರುವ ಕಾಲಗಳು ಗೊತ್ತಾಗಿವೆ. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ಫಲಿತಾಂಶಕ್ಕಾಗಿ ಏಪ್ರಿಲ್ ಮತ್ತು ಮೇ. ತೆರಿಗೆ ಪರಿಶೋಧನೆಗಾಗಿ ಸೆಪ್ಟೆಂಬರ್. ಅಮೆರಿಕದ ಗ್ರಾಹಕರ ಕೆಲಸ ಮಾಡುವವರಿಗೆ ಜನವರಿಯಿಂದ ಮಾರ್ಚ್. ಆ ದಿನಗಳಲ್ಲಿ ಬೈಲಹೊಂಗಲದಿಂದ ತಾಯಿಯ ಫೋನು ಬರುತ್ತದೆ: "ಉಂಡಿ ಏನವಾ?" "ಇನ್ನೂ ಇಲ್ಲಬೇ ಯವ್ವಾ, ಕೆಲಸ ಐತಿ, ಆಮ್ಯಾಲೆ ಮಾತಾಡ್ತೀನಿ." ಆಗ ರಾತ್ರಿ ಹತ್ತೂವರೆ.

ಕೆಲಸದ ಹೊರೆ ಹೆಚ್ಚಿದುದಕ್ಕೆ ಸಕಾರಣಗಳೂ ಉಂಟು. 2009ರಲ್ಲಿ ಬಯಲಾದ ಸತ್ಯಂ ಕಂಪನಿಯ ಸುಳ್ಳು ಲೆಕ್ಕಗಳ ಹಗರಣದ ಅನಂತರ ಲೆಕ್ಕಪರಿಶೋಧಕರ ಮೇಲೆ ಸಾರ್ವಜನಿಕರ ದೃಷ್ಟಿ ಬಿಗಿಯಾಯಿತು; 2018ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರವು ಅವರ ಕಡತಗಳನ್ನೇ ತರಿಸಿ ಪರೀಕ್ಷಿಸುತ್ತದೆ. ಏನನ್ನು ನೋಡಿದಿರಿ, ಯಾರನ್ನು ಕೇಳಿದಿರಿ, ಹೇಗೆ ನಿರ್ಣಯಿಸಿದಿರಿ ಎಂಬುದನ್ನೆಲ್ಲ ಬರೆದಿಡಬೇಕಾಗಿದೆ. ಸಮಾಜದ ಹಿತಕ್ಕೆ ಇದು ಅವಶ್ಯಕ. ಆದರೆ 2013ರ ಕಂಪನಿ ಕಾಯಿದೆಯ ಪ್ರಕಾರ ಷೇರುಪೇಟೆಯ ಕಂಪನಿಗಳು ಹತ್ತು ವರ್ಷಗಳಾದ ಮೇಲೆ ಪರಿಶೋಧಕ ಸಂಸ್ಥೆಯನ್ನು ಬದಲಿಸಲೇಬೇಕಾದುದರಿಂದ, ಹೊಸ ಗ್ರಾಹಕರನ್ನು ಪಡೆಯುವ ಸ್ಪರ್ಧೆಯು ತೀವ್ರವಾಗಿ, ಶುಲ್ಕವನ್ನು ಏರಿಸುವ ಧೈರ್ಯ ಯಾರಿಗೂ ಸುಲಭವಾಗಿ ಬರುವುದಿಲ್ಲ. ಬೆಳೆದ ಬರವಣಿಗೆಗೂ ಬೆಳೆಯದ ಶುಲ್ಕಕ್ಕೂ ನಡುವಣ ಅಂತರವನ್ನು ತುಂಬುತ್ತಿರುವುದು ಆ ಬರೆಯದ ಗಂಟೆಗಳೇ.

2024ರ ಜುಲೈ ತಿಂಗಳಿನಲ್ಲಿ, ಪುಣೆಯಲ್ಲಿ ಇಂಥ ಒಂದು ಸಂಸ್ಥೆಯನ್ನು ಸೇರಿ ನಾಲ್ಕೇ ತಿಂಗಳಾಗಿದ್ದ ಕೇರಳದ 26 ವರ್ಷದ ತರುಣಿಯೊಬ್ಬಳು ಮೃತಳಾದಳು. ಕೆಲಸದ ಅತಿಭಾರದಿಂದ ಮಗಳು ಬಳಲಿದಳೆಂದು ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರವು ಸೆಪ್ಟೆಂಬರಿನಲ್ಲಿ ದೇಶದ ತುಂಬ ಪ್ರಚುರವಾಯಿತು. ಕೇಂದ್ರದ ಕಾರ್ಮಿಕ ಸಚಿವಾಲಯವು ವಿಚಾರಣೆಯ ಮಾತನ್ನಾಡಿತು, ಮಾನವ ಹಕ್ಕುಗಳ ಆಯೋಗವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಆ ಪತ್ರವನ್ನು ಓದಿದ ನಮ್ಮ ಸೀಮೆಯ ಅದೆಷ್ಟೋ ತಾಯಂದಿರು ಅಂದು ರಾತ್ರಿ ಬೆಂಗಳೂರಿಗೆ ಫೋನು ಮಾಡಿದ್ದಾರು. ದುಡಿಮೆಗೆ ಕಾನೂನಿನ ಮಿತಿ ಇಲ್ಲವೆಂದಲ್ಲ: ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿದೆ. ಅದೇ 2024ರಲ್ಲಿ ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳಿಗೆ ದಿನಕ್ಕೆ 14 ಗಂಟೆಗಳ ದುಡಿಮೆಗೆ ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಆ ಕ್ಷೇತ್ರದ ನೌಕರರ ಸಂಘವು ಪ್ರಬಲವಾಗಿ ವಿರೋಧಿಸಿತು. ಆದರೆ ಬರೆಯದ ಗಂಟೆಗೆ ಯಾವ ಮಿತಿಯನ್ನು ಹಾಕಿದರೂ ಅದನ್ನು ಪರೀಕ್ಷಿಸುವ ಅಧಿಕಾರಿಯ ಕೈಗೆ ಏನೂ ಸಿಕ್ಕುವುದಿಲ್ಲ.

ಇಂಥ ದುಡಿಮೆಯನ್ನು ಸಮರ್ಥಿಸಲು ನಮ್ಮಲ್ಲಿ ಕೆಲವರು ಶರಣರ ಕಾಯಕತತ್ತ್ವವನ್ನು ಎತ್ತುವುದುಂಟು. ಮಠಗಳ ನೆರಳಿನಲ್ಲಿ ಬೆಳೆದ ನಾವು ಆ ತತ್ತ್ವದ ಹಿಂದಿನ ಕಥೆಯೊಂದನ್ನು ಪೂರ್ತಿ ನೆನೆಯಬೇಕು. ಅಕ್ಕಿ ಆಯುವ ಕಾಯಕದ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ಮೆಚ್ಚದೆ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಕಾಯಕಕ್ಕೆ ಶುದ್ಧಿಯಂತೆ ಪ್ರಮಾಣವೂ ಉಂಟೆಂಬುದನ್ನು ಆಕೆ ಗಂಡನಿಗೇ ತಿಳಿಸಿದಳು.

ಹತ್ತು ಹದಿನೈದು ವರ್ಷಗಳ ಹಿಂದೆ ಈ ಸೀಮೆಯಿಂದ ಹೋದವರಲ್ಲಿ ಕೆಲವರು ಇಂದು ಸ್ವತಃ ಮ್ಯಾನೇಜರ್‌ಗಳು. ಅಂದಾಜಿನ ಹಾಳೆಯನ್ನು ತಯಾರಿಸುವ ಕೈ ಈಗ ಅವರದೇ. ಕೈಕೆಳಗಿನ ಹುಡುಗರಿಗೆ ಕರಾರುವಾಕ್ಕಾಗಿ ದುಡಿದಷ್ಟನ್ನೇ ಬರೆಯಲು ಹೇಳಿ, ಹಾಗೆ ಬರೆದವನ ಶ್ರೇಣಿಗೆ ಕುಂದು ಬಾರದಂತೆ ತಾವು ನಿಂತರೆ, ಮೊದಲ ವರ್ಷ ಅವರ ವಿಭಾಗದ ಲಾಭವು ಕುಗ್ಗಿ ಕಾಣುವುದು ನಿಶ್ಚಯ. ಎರಡನೆಯ ವರ್ಷ ಆ ಹಾಳೆಗಳನ್ನು ಹಿಡಿದುಕೊಂಡು ಪಾರ್ಟ್ನರ್‌ನು ಗ್ರಾಹಕನ ಬಳಿಗೆ ಹೋಗಿ, ಈ ಪರಿಶೋಧನೆಗೆ ನಲವತ್ತಲ್ಲ ಅರವತ್ತು ಗಂಟೆ ಬೇಕು, ಶುಲ್ಕವನ್ನು ಅದಕ್ಕೆ ತಕ್ಕಂತೆ ಕೊಡಿರಿ, ಇಲ್ಲವಾದರೆ ಇನ್ನೊಬ್ಬರನ್ನು ನೋಡಿಕೊಳ್ಳಿರಿ ಎಂದು ಹೇಳಬೇಕಾಗುತ್ತದೆ. ಆ ಮಾತಿಗೆ ಕೆಲವು ಗ್ರಾಹಕರು ಹೋಗಿಯೇ ಹೋಗುವರು. ಉಳಿದವರ ಕೆಲಸಕ್ಕೆ ಇನ್ನೊಬ್ಬ ಹುಡುಗನನ್ನು ಹೆಚ್ಚಾಗಿ ನೇಮಿಸಿಕೊಳ್ಳಲು ಹಣ ಒದಗುವುದು.