ಜೈಲೂ ಅಲ್ಲ, ಲೈಸೆನ್ಸೂ ಅಲ್ಲ

ಡ್ರಗ್ಸ್ ತಗೊಂಡವರನ್ನ ಜೈಲಿಗೆ ಹಾಕಬೇಕಾ, ಕಾನೂನು ಸಡಿಲ ಮಾಡಬೇಕಾ? ಈ ವಾದದಲ್ಲಿ ಪೋರ್ಚುಗಲ್ ಹೆಸರು ಬಂದೇ ಬರುತ್ತೆ. ಆದರೆ ಹೇಳೋದು ಅರ್ಧ ಕಥೆ.

1990ರ ದಶಕದಲ್ಲಿ ಅಲ್ಲಿ ನೂರಕ್ಕೆ ಸುಮಾರು ಒಬ್ಬರು ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಒಂದೇ ಸೂಜಿ ಹಲವರ ಕೈ ದಾಟಿ ಎಚ್‌ಐವಿ ಹಬ್ಬುತ್ತಿತ್ತು.

2001ರ ಜುಲೈನಲ್ಲಿ ಹೊಸ ಕಾನೂನು ಬಂತು. 10 ದಿನದ ಸ್ವಂತ ಬಳಕೆಗೆ ಆಗುವಷ್ಟು ಇಟ್ಟುಕೊಂಡರೆ ಕ್ರಿಮಿನಲ್ ಕೇಸ್ ಇಲ್ಲ. ಹಾಗಂತ ಬಿಟ್ಟುಬಿಡೋದೂ ಇಲ್ಲ! ಪೊಲೀಸರು ಮಾಲು ಕಿತ್ತುಕೊಳ್ತಾರೆ. ಸಿಕ್ಕಿಬಿದ್ದವರು ಮೂವರ ಸಮಿತಿ ಮುಂದೆ ಹೋಗಿ ಕೂರಬೇಕು. ಅದು ಕೋರ್ಟ್ ಅಲ್ಲ. ಎಷ್ಟು ದಿನದಿಂದ ಈ ಚಟ, ಕೆಲಸ ಇದೆಯಾ, ಮನೇಲಿ ಯಾರಿದ್ದಾರೆ ಅಂತ ವಿಚಾರಿಸ್ತಾರೆ. ಚಟ ಅಂಟಿದ್ದರೆ ಚಿಕಿತ್ಸೆಯ ದಾರಿ ತೋರಿಸ್ತಾರೆ. ಮಾರುವವರಿಗೆ ಮಾತ್ರ ಜೈಲು ತಪ್ಪಿದ್ದಲ್ಲ.

ಜೊತೆಗೆ ಹೆರಾಯಿನ್ ಬದಲಿಗೆ ಕೊಡುವ ಮೆಥಡೋನ್ ಔಷಧಿ, ಹೊಸ ಸೂಜಿ, ವೈದ್ಯರು, ಎಲ್ಲಕ್ಕೂ ಸರ್ಕಾರ ದುಡ್ಡು ಹಾಕಿತು. ಸೂಜಿಯಿಂದ ಹರಡುವ ಎಚ್‌ಐವಿ ಭಾರೀ ಇಳಿಯಿತು.

ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಇದೇ ಹಾದಿ ಹಿಡಿಯಿತು. 100 ಡಾಲರ್ ದಂಡ, ಇಲ್ಲಾ ಸಹಾಯವಾಣಿಗೆ ಒಂದು ಫೋನ್. ಫೋನ್ ಮಾಡಿದವರು ತೀರಾ ಕಡಿಮೆ. ಚಿಕಿತ್ಸೆಯ ಹಣ ತಡವಾಯ್ತು, ಅಷ್ಟರಲ್ಲಿ ಫೆಂಟನಿಲ್ ಅನ್ನೋ ಡ್ರಗ್‌ನ ಹಾವಳಿ. 2024ರಲ್ಲಿ ಮತ್ತೆ ಅಪರಾಧ ಅಂತ ಕಾನೂನು ಮಾಡಿದರು. ನನ್ನ ಪ್ರಕಾರ ಸೋತದ್ದು ಸಡಿಲಿಕೆಯಲ್ಲ, ಆಸ್ಪತ್ರೆ ಸಿದ್ಧವಿಲ್ಲದ ಅವಸರ.

ಇನ್ನು ಭಾರತಕ್ಕೆ ಬಂದರೆ, ಮಾದಕ ವಸ್ತುಗಳ ಬಗ್ಗೆ ಇರುವ ನಮ್ಮ ಎನ್‌ಡಿಪಿಎಸ್ ಕಾಯ್ದೆ ಕಠಿಣವೇ. ಆದರೂ ಅದರ 64ಎ ಕಲಂ, ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಮನೇಲಿ ಮಗನೋ ಮಗಳೋ ಸಿಕ್ಕಿಕೊಂಡಿದ್ದರೆ, ವಕೀಲರ ಹತ್ತಿರ ಈ ಕಲಂ ಬಗ್ಗೆ ಮೊದಲು ಕೇಳಿ.