ಬೆಕ್ಕಿನ ಬೆನ್ನು ಅದುರುವುದೇಕೆ?
ತೋಟದ ಮನೆಯವರು ಗಮನಿಸಬೇಕಾದ ಕೆಲವು ಅಂಶಗಳು

ಮಲೆನಾಡಿನ ತೋಟದ ಮನೆಗಳಲ್ಲಿ ಬೆಕ್ಕು ಕೇವಲ ಅಕ್ಕರೆಯ ಪ್ರಾಣಿಯಲ್ಲ. ಕಣಜದ ಭತ್ತ, ಅಟ್ಟದ ಮೇಲಿನ ಏಲಕ್ಕಿ, ಒಣಗಿಸಿ ಮೂಟೆ ಕಟ್ಟಿಟ್ಟ ಕಾಫಿ, ಮೆಣಸು ಇವೆಲ್ಲವನ್ನೂ ಇಲಿ ಹೆಗ್ಗಣಗಳಿಂದ ಕಾಯುವ, ಸಂಬಳ ಕೇಳದ ಕಾವಲುಗಾರ ಅದು. ಆದರೂ ಹಸುವಿಗೆ ಕೆಚ್ಚಲುಬಾವು ಬಂದರೆ ಕೂಡಲೇ ಪಶುವೈದ್ಯರನ್ನು ಕರೆಯುವ ನಾವು, ಬೆಕ್ಕಿಗೆ ಏನಾದರೂ ಆದರೆ 'ಬೆಕ್ಕಲ್ಲವೇ' ಎಂದು ಸುಮ್ಮನಾಗುವುದೇ ಹೆಚ್ಚು.

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಲ್ಲಿ ಮೆಣಸಿನ ಬಳ್ಳಿಗಳನ್ನು ನೋಡಲು ಹೋದಾಗ ಬೆಳೆಗಾರರೊಬ್ಬರು ಬಳ್ಳಿಯ ಮಾತು ಮುಗಿದ ಮೇಲೆ ಹೀಗೆ ಕೇಳಿದರು: 'ಸಾರ್, ನಮ್ಮ ಬೆಕ್ಕು ಚೆನ್ನಾಗಿಯೇ ಇರುತ್ತೆ. ಇದ್ದಕ್ಕಿದ್ದ ಹಾಗೆ ಬೆನ್ನು ಅದುರಿಸಿ, ಬಾಲ ಕಚ್ಚಿಕೊಂಡು, ಯಾರೋ ಅಟ್ಟಿಸಿದ ಹಾಗೆ ಓಡುತ್ತೆ. ಮನೆಯಲ್ಲಿ ಅಮ್ಮ ಸೋಂಕು ಅಂತಾರೆ, ಆಳುಗಳು ಹುಚ್ಚು ಹಿಡಿದಿದೆ, ಹೊಡೆದುಹಾಕಿ ಅಂತಾರೆ. ಏನು ಮಾಡೋದು?' ಈ ಲೇಖಕ ಬೇಸಾಯ ಶಾಸ್ತ್ರದವನೇ ಹೊರತು ಪಶುವೈದ್ಯನಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ ಬೆಳೆಗಾರರಿಗೆ ಹೊಸದಲ್ಲವಾದ್ದರಿಂದ, ಪಶುವೈದ್ಯ ವಿಜ್ಞಾನದಲ್ಲಿ ತಿಳಿದುಬಂದಿರುವ ವಿಷಯಗಳನ್ನು ಇಲ್ಲಿ ಕ್ರೋಡೀಕರಿಸಿ ಕೊಡಲಾಗಿದೆ.

ಲಕ್ಷಣಗಳು

ದನದ ಮೈಮೇಲೆ ನೊಣ ಕುಳಿತಾಗ ಅದು ಆ ಭಾಗದ ಚರ್ಮವನ್ನು ಮಾತ್ರ ಅದುರಿಸುವುದನ್ನು ಎಲ್ಲರೂ ಕಂಡಿದ್ದಾರೆ. ಚರ್ಮದ ಕೆಳಗಿರುವ ತೆಳುವಾದ ಮಾಂಸಖಂಡದ ಹಾಳೆಯೇ ಈ ಕೆಲಸ ಮಾಡುತ್ತದೆ. ಬೆಕ್ಕಿಗೂ ಇದೇ ಬಗೆಯ ಮಾಂಸಖಂಡವಿದೆ. ಕೆಲವು ಬೆಕ್ಕುಗಳಲ್ಲಿ ನೊಣವಿಲ್ಲದೆಯೂ ಸೊಂಟದಿಂದ ಬಾಲದ ಬುಡದವರೆಗೆ ಚರ್ಮ ಅಲೆ ಎದ್ದಂತೆ ಅದುರುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ಬಾಲ ಜೋರಾಗಿ ಬಡಿದುಕೊಳ್ಳುತ್ತದೆ. ಬೆಕ್ಕು ತಿರುಗಿ ತನ್ನ ಬೆನ್ನನ್ನೋ ಬಾಲವನ್ನೋ ಕಚ್ಚುತ್ತದೆ, ಅರಚುತ್ತದೆ, ಹಾರಿ ಓಡುತ್ತದೆ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಹೀಗಿದ್ದು, ಆಮೇಲೆ ಏನೂ ಆಗದಂತೆ ಮೈ ನೆಕ್ಕಿಕೊಂಡು ಕುಳಿತುಬಿಡುತ್ತದೆ. ಬೆನ್ನು ಸವರಿದರೆ ಇದು ಕೆರಳುವುದುಂಟು. ತೀವ್ರವಾದಾಗ ಬೆಕ್ಕು ಬಾಲವನ್ನು ರಕ್ತ ಬರುವಂತೆ ಕಚ್ಚಿಕೊಳ್ಳುತ್ತದೆ.

ಈ ಲಕ್ಷಣ ಸಮೂಹವನ್ನು ಪಶುವೈದ್ಯರು ಹೈಪರ್‌ಎಸ್ಥೀಸಿಯಾ ಎನ್ನುತ್ತಾರೆ. ಕನ್ನಡದಲ್ಲಿ 'ಅತಿಸಂವೇದನೆ' ಎನ್ನಬಹುದು. 1980ರ ಸುಮಾರಿನಿಂದ ಈ ಹೆಸರು ಪಶುವೈದ್ಯ ಸಾಹಿತ್ಯದಲ್ಲಿ ಬಳಕೆಯಲ್ಲಿದೆ. ಪ್ರಾಯದ ಬೆಕ್ಕುಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಹೆಸರು ಒಂದು, ಕಾರಣ ಹಲವು

ಮೆಣಸಿನ ಬಳ್ಳಿಯ ಎಲೆ ಹಳದಿಯಾದರೆ ಅನುಭವಿ ಬೆಳೆಗಾರರು ಕೂಡಲೇ ಯೂರಿಯಾ ಸುರಿಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರಿನಲ್ಲಿ ಜಂತುಹುಳುವಿನ ಗಂಟುಗಳಿವೆಯೇ, ಸೊರಗು ರೋಗ ತಗುಲಿದೆಯೇ ಎಂದು ಒಂದೊಂದಾಗಿ ನೋಡಿ, ಅಲ್ಲದ್ದನ್ನು ತಳ್ಳಿಹಾಕುತ್ತಾರೆ. ಬೆಕ್ಕಿನ ಈ ತೊಂದರೆಗೂ ಅದೇ ಕ್ರಮ ಅನ್ವಯಿಸುತ್ತದೆ. ಅತಿಸಂವೇದನೆಯನ್ನು ಖಚಿತಪಡಿಸುವ ಯಾವ ಒಂದು ರಕ್ತಪರೀಕ್ಷೆಯೂ ಇಲ್ಲ. ಚರ್ಮದ ತುರಿಕೆ, ನೋವು, ವಿಷ, ನರದೌರ್ಬಲ್ಯ, ಮೂರ್ಛೆ, ಅಂಜಿಕೆ ಇವುಗಳಲ್ಲಿ ಯಾವುದು ಹೌದು ಯಾವುದು ಅಲ್ಲ ಎಂದು ಸೋಸಿದ ಮೇಲೆ ಉಳಿಯುವುದೇ ಈ ಹೆಸರು. ಆದುದರಿಂದ ಹೆಸರಿಗಿಂತ ಸೋಸುವಿಕೆಯೇ ಮುಖ್ಯ.

ಮೊದಲು ಯೋಚಿಸಬೇಕಾದುದು ಹುಚ್ಚು ರೋಗ

ಹುಚ್ಚು ರೋಗ, ಅಂದರೆ ರೇಬೀಸ್, ಬೆಕ್ಕಿಗೂ ಬರುತ್ತದೆ. ಈ ರೋಗ ತಗುಲಿದ ಬೆಕ್ಕು ದಿನದಿಂದ ದಿನಕ್ಕೆ ಕೆಡುತ್ತಾ ಹೋಗುತ್ತದೆ. ಕಾರಣವಿಲ್ಲದೆ ಮೇಲೆ ಬೀಳುತ್ತದೆ, ಜೊಲ್ಲು ಸುರಿಸುತ್ತದೆ, ನುಂಗಲಾರದು, ಕಾಲು ಸೋಲುತ್ತದೆ. ಲಕ್ಷಣ ಕಂಡ 10 ದಿನಗಳೊಳಗೆ ಸಾಮಾನ್ಯವಾಗಿ ಸಾಯುತ್ತದೆ. ಅತಿಸಂವೇದನೆಯ ಬೆಕ್ಕಾದರೋ ಎರಡು ಸಲದ ನಡುವೆ ಎಂದಿನಂತೆ ತಿಂದು, ಕುಡಿದು, ಇಲಿ ಹಿಡಿದುಕೊಂಡಿರುತ್ತದೆ. ಆದರೂ ಅನುಮಾನವಿರುವಾಗ ಬರಿಗೈಯಲ್ಲಿ ಹಿಡಿಯಬಾರದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಬೆಕ್ಕಿಗೆ 3 ತಿಂಗಳು ತುಂಬಿದ ಮೇಲೆ ಹುಚ್ಚು ರೋಗದ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸುತ್ತಿದ್ದರೆ ಈ ಭಯದ ಬಹುಪಾಲು ತೀರುತ್ತದೆ.

ತೋಟದ ವಿಷಗಳು

ಕಾಫಿಯ ಬಿಳಿ ಕಾಂಡಕೊರಕ ದುಂಬಿ ಹೊರಬರುವುದು ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ಅವಧಿಗಳಲ್ಲಿ. ಕಾಂಡಕ್ಕೆ ಸಿಂಪರಣೆ ನಡೆಯುವುದೂ ಈ ಸಮಯದಲ್ಲಿಯೇ. ಇದಕ್ಕೆ ಬಳಸುವ ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಮೊದಲಾದವು ಬೆಕ್ಕಿಗೆ ಅಪಾಯಕಾರಿ. ಬೆಕ್ಕು ಸಿಂಪರಣೆಯ ಅಂಗಿಯ ಮೇಲೆ ಮಲಗುತ್ತದೆ, ಖಾಲಿ ಡಬ್ಬದ ಪಕ್ಕದಲ್ಲಿ ಸುಳಿದಾಡುತ್ತದೆ, ಬಳಿಕ ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ. ಕೂದಲಿಗೆ ಅಂಟಿದ್ದೆಲ್ಲ ಹೊಟ್ಟೆಗೆ ಸೇರುತ್ತದೆ.

ಇನ್ನೊಂದು ಅಪಾಯ ಕೊಟ್ಟಿಗೆಯಿಂದ ಬರುತ್ತದೆ. ದನದ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್ ಅಥವಾ ಅಮಿತ್ರಾಜ್ ದ್ರಾವಣ ಉಳಿದರೆ ಅದನ್ನು ಬೆಕ್ಕಿಗೂ ಸವರುವವರಿದ್ದಾರೆ. ನಾಯಿಗೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಹಾಕುವವರೂ ಇದ್ದಾರೆ. ನಾಯಿಯ ಯಕೃತ್ತು ಒಡೆದು ಹೊರಹಾಕಬಲ್ಲ ಪರ್ಮೆಥ್ರಿನ್‌ನಂತಹ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸುಲಭವಾಗಿ ಒಡೆಯಲಾರದು. ನಾಯಿಗೆ ಹಿತವಾದ ಔಷಧಿ ಬೆಕ್ಕನ್ನು ಕೊಲ್ಲಬಹುದು. ಫಿನಾಯಿಲ್ ಮತ್ತು ಮನುಷ್ಯರ ಪ್ಯಾರಸಿಟಮಾಲ್ ಮಾತ್ರೆಯ ವಿಷಯವೂ ಇಷ್ಟೇ. ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣಕ್ಕೆ ಸಾಕು.

ವಿಷದ ಅದುರುವಿಕೆಯನ್ನು ಗುರುತಿಸುವುದು ಹೇಗೆ? ಅದು ಬಂದುಹೋಗುವುದಿಲ್ಲ, ಗಂಟೆಗಟ್ಟಲೆ ನಿಲ್ಲದೆ ಹೆಚ್ಚುತ್ತದೆ. ಪರ್ಮೆಥ್ರಿನ್ ಜಾತಿಯದಾದರೆ ಕಿವಿ, ಮುಖ, ಕಾಲುಗಳೆಲ್ಲ ನಡುಗಿ ಸೆಳೆತ ಬರುತ್ತದೆ. ಕ್ಲೋರ್‌ಪೈರಿಫಾಸ್ ಜಾತಿಯದಾದರೆ ಜೊಲ್ಲು, ಕಣ್ಣೀರು, ಭೇದಿ ಕಾಣಿಸುತ್ತವೆ, ಕಣ್ಣಿನ ಪಾಪೆ ಸಾಮಾನ್ಯವಾಗಿ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಇಲಿ ಪಾಷಾಣಗಳಲ್ಲಿ ಸತುವಿನ ಫಾಸ್ಫೈಡ್ ವಾಂತಿ ಹಾಗೂ ಸೆಳೆತ ತರುತ್ತದೆ. ಬ್ರೋಮಾಡಿಯೋಲೋನ್ ತಿಂದರೆ ಅದುರುವಿಕೆಯಿಲ್ಲ, ಕೆಲವು ದಿನಗಳ ನಂತರ ರಕ್ತಸ್ರಾವವಾಗುತ್ತದೆ.

ಶೆಡ್ಡಿನ ಮೂಲೆಯನ್ನೂ ಒಮ್ಮೆ ನೋಡಿರಿ. ಕಾಂಡಕೊರಕಕ್ಕೆ ಹಿಂದೆ ಬಳಸುತ್ತಿದ್ದ ಲಿಂಡೇನ್ 2013ರಿಂದ, ಬಿತ್ತನೆ ಗೆಡ್ಡೆಗಳ ಉಪಚಾರಕ್ಕೆ ಬಳಸುತ್ತಿದ್ದ ಪಾದರಸಯುಕ್ತ ಶಿಲೀಂಧ್ರನಾಶಕ 2018ರಿಂದ, ಶುಂಠಿ ಬಾಳೆಗಳಿಗೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ನಿಷಿದ್ಧವಾಗಿವೆ. ಹಳೆಯ ಡಬ್ಬ, ಪೊಟ್ಟಣಗಳು ಉಳಿದಿದ್ದರೆ ಬೆಕ್ಕಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಕಂಟಕ.

ಚಿಗಟ ಮತ್ತು ಚರ್ಮದ ತುರಿಕೆ

ಬೆನ್ನಿನ ಕೆಳಭಾಗ ಅದುರುವುದಕ್ಕೆ ಬಹಳ ಸಾಮಾನ್ಯವಾದ ಕಾರಣ ಚಿಗಟ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಕೆಲವೇ ಕಡಿತಗಳು ಸಾಕು, ದಿನಗಟ್ಟಲೆ ತುರಿಕೆ ಇರುತ್ತದೆ. ಬೆಕ್ಕು ಮೈ ನೆಕ್ಕಿ ಚಿಗಟವನ್ನು ನುಂಗಿಬಿಡುವುದರಿಂದ ನಮಗೆ ಒಂದೂ ಕಾಣದಿರಬಹುದು. ಪರೀಕ್ಷೆ ಸುಲಭ. ಹಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಹರಳನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಬೇಕು. ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅದರಲ್ಲಿರುವುದು ಬೆಕ್ಕಿನದೇ ರಕ್ತ. ಮೈಮೇಲಿನ ಚಿಗಟಗಳು ಒಟ್ಟು ಸಂತತಿಯ ಅಲ್ಪಾಂಶ ಮಾತ್ರ. ಮೊಟ್ಟೆ, ಮರಿಹುಳು, ಕೋಶಗಳು ಹಲಗೆಯ ಸಂದಿನಲ್ಲಿ, ಮಳೆಗಾಲದಲ್ಲಿ ಒಲೆಯ ಬಳಿ ಹಾಸಿದ ಗೋಣಿಚೀಲದಲ್ಲಿ ಇರುತ್ತವೆ. ಆದುದರಿಂದ ಬೆಕ್ಕು, ನಾಯಿ, ಹಾಸಿಗೆ ಮೂರಕ್ಕೂ ಏಕಕಾಲದಲ್ಲಿ, ಕನಿಷ್ಠ 3 ತಿಂಗಳು ಹತೋಟಿ ಕ್ರಮ ನಡೆಸಬೇಕು.

ಆಹಾರ ಮತ್ತು ನೋವು

ಚಾರ್ಮಾಡಿ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆಗಳ ತಲೆ ಮತ್ತು ಕರುಳು ಇಲ್ಲಿನ ಬೆಕ್ಕುಗಳ ಮೆಚ್ಚಿನ ಊಟ. ಆಗಾಗ ಕೊಟ್ಟರೆ ತೊಂದರೆಯಿಲ್ಲ. ಆದರೆ ದಿನವೂ ಎಣ್ಣೆಮೀನನ್ನೇ ತಿಂದರೆ 'ಇ' ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತಕ್ಕೊಳಗಾಗುತ್ತದೆ. ಆಗ ಬೆನ್ನು ಮುಟ್ಟಿದರೂ ಬೆಕ್ಕು ನೋವಿನಿಂದ ಅರಚುತ್ತದೆ, ಜ್ವರ ಬಂದು ಮಂಕಾಗುತ್ತದೆ. ಕೆಲವು ಜಾತಿಯ ಹಸಿ ಮೀನುಗಳು 'ಬಿ1' ಜೀವಸತ್ವವನ್ನು ಹಾಳುಮಾಡಿ ಸೆಳೆತ ತರುತ್ತವೆ. ಮೀನನ್ನು ಬೇಯಿಸಿ, ಮೊಟ್ಟೆ, ಕೋಳಿ ಮಾಂಸಗಳೊಡನೆ ಬದಲಿಸಿ ಕೊಡುವುದು ಉತ್ತಮ.

ಮರದಿಂದ ಬಿದ್ದ ಪೆಟ್ಟು, ನಾಯಿ ಕಚ್ಚಿದ ಹಳೆಯ ಗಾಯ, ವಯಸ್ಸಾದ ಬೆಕ್ಕಿನ ಬೆನ್ನುಮೂಳೆಯ ಸವೆತ, ಗುದದ್ವಾರದ ಪಕ್ಕದ ಗ್ರಂಥಿಗಳ ಬಾವು ಇವೂ ಇದೇ ರೀತಿಯ ವರ್ತನೆಗೆ ಕಾರಣವಾಗುತ್ತವೆ. ಇವನ್ನು ಪಶುವೈದ್ಯರು ಮುಟ್ಟಿ ಪರೀಕ್ಷಿಸಿಯೇ ಹೇಳಬೇಕು.

ದಿನಚರಿ ಬರೆದಿಡಿರಿ

ಮೇಲೆ ಹೇಳಿದ ಗೋಣಿಬೀಡಿನ ಮನೆಯವರು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಆರು ವಾರ ಬರೆದಿಟ್ಟರು: ದಿನ, ಹೊತ್ತು, ಎಷ್ಟು ಹೊತ್ತು ಅದುರಿತು, ಅದಕ್ಕೆ ಮೊದಲು ಏನು ನಡೆಯಿತು, ಏನು ತಿಂದಿತ್ತು, ತೋಟದಲ್ಲಿ ಅಂದು ಸಿಂಪರಣೆ ಇತ್ತೇ. ಆಗ ಅರೇಬಿಕಾ ಕೊಯ್ಲಿನ ಕಾಲ. ಪುಸ್ತಕ ತಿರುವಿದಾಗ ಎರಡು ಸಂಗತಿ ಎದ್ದು ಕಂಡವು. ಹೆಚ್ಚಿನವು ಸಂಜೆ ಮಕ್ಕಳು ಬೆನ್ನು ಸವರಿದ ಮೇಲೆ ಆಗಿದ್ದವು. ಪಲ್ಪರ್ ಓಡಿದ ದಿನಗಳಲ್ಲಿ ಸಂಖ್ಯೆ ಏರಿತ್ತು. ಬೆಕ್ಕು ಮಲಗುತ್ತಿದ್ದುದು ಪಲ್ಪರ್ ಮನೆಯ ಗೋಣಿಚೀಲದ ಮೇಲೆ. ಬಾಚಿದಾಗ ಚಿಗಟದ ಹಿಕ್ಕೆಯೂ ಸಿಕ್ಕಿತು. ಸಿಂಪರಣೆಗೂ ಅದುರುವಿಕೆಗೂ ಸಂಬಂಧ ಕಾಣಲಿಲ್ಲ.

ಪುಸ್ತಕವನ್ನು ಪಶುವೈದ್ಯರಿಗೆ ತೋರಿಸಲಾಯಿತು. ಅವರ ಸಲಹೆಯಂತೆ ಬೆಕ್ಕಿಗೂ ನಾಯಿಗೂ ಚಿಗಟದ ಔಷಧಿಯಾಯಿತು, ಗೋಣಿಚೀಲ ಸುಟ್ಟರು, ಮಲಗುವ ಜಾಗ ಒಳಮನೆಯ ಅಟ್ಟಕ್ಕೆ ಬದಲಾಯಿತು. ಬೆನ್ನು ಮುಟ್ಟದೆ ಕೆನ್ನೆ ಮಾತ್ರ ಸವರುವಂತೆ ಮಕ್ಕಳಿಗೆ ಹೇಳಲಾಯಿತು. ದಿನವೂ ಬರುತ್ತಿದ್ದುದು ವಾರಕ್ಕೊಮ್ಮೆಗೆ ಇಳಿದಿದೆ. ಪೂರ್ತಿ ನಿಂತಿಲ್ಲ, ಆದರೆ ಬಾಲದ ಗಾಯ ಮಾಯ್ದಿದೆ. ಈ ತೊಂದರೆಯಲ್ಲಿ ನಿರೀಕ್ಷಿಸಬಹುದಾದ ಫಲ ಬಹುಮಟ್ಟಿಗೆ ಇಂತಹುದೇ.

ಇಷ್ಟಕ್ಕೂ ಇಳಿಯದಿದ್ದರೆ ಗ್ಯಾಬಪೆಂಟಿನ್, ಫ್ಲುವೋಕ್ಸೆಟಿನ್, ಫಿನೋಬಾರ್ಬಿಟಾಲ್ ಮುಂತಾದ ಔಷಧಿಗಳನ್ನು ಪಶುವೈದ್ಯರು ಆಯ್ದು ಕೊಡುತ್ತಾರೆ. ಇವನ್ನು ಸ್ವಂತ ಬುದ್ಧಿಯಿಂದ ಕೊಡುವುದಾಗಲಿ, ನಡುವೆ ತಟ್ಟನೆ ನಿಲ್ಲಿಸುವುದಾಗಲಿ ಕೂಡದು.

ಅನುಸರಿಸಬೇಕಾದ ಕ್ರಮಗಳು

1. ಅದುರುತ್ತಿರುವಾಗ ಬೆಕ್ಕನ್ನು ಹಿಡಿಯಬಾರದು, ಗದರಿಸಬಾರದು, ನೀರು ಎರಚಬಾರದು. ಮಕ್ಕಳನ್ನು ದೂರವಿರಿಸಿ ಶಾಂತವಾಗಿ ಬಿಡಬೇಕು. ಸಾಧ್ಯವಾದರೆ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಅದುರಿ ತೋರಿಸುವುದಿಲ್ಲ.

2. ಸೀಮೆಎಣ್ಣೆ, ಫಿನಾಯಿಲ್, ನೀಲಗಿರಿ ಎಣ್ಣೆ, ದನ ಅಥವಾ ನಾಯಿಯ ಔಷಧಿ ಯಾವುದನ್ನೂ ಬೆಕ್ಕಿನ ಮೈಗೆ ಹಚ್ಚಬಾರದು.

3. ಸಿಂಪರಣೆಯ ಬಟ್ಟೆ, ಪಂಪು, ಡಬ್ಬಗಳನ್ನು ಬೀಗ ಹಾಕಿದ ಕೋಣೆಯಲ್ಲಿಡಬೇಕು. ಕಾಂಡ ಒಣಗುವವರೆಗೆ ಬೆಕ್ಕನ್ನು ಮನೆಯೊಳಗಿರಿಸುವುದು ಒಳಿತು.

4. ಮೈಮೇಲೆ ಕೀಟನಾಶಕ ಬಿದ್ದಿದ್ದರೆ ಕೈಗವಸು ಹಾಕಿಕೊಂಡು, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು, ಒರೆಸಿ ಬೆಚ್ಚಗಿಡಬೇಕು. ವಾಂತಿ ಮಾಡಿಸುವುದು, ಎಣ್ಣೆ ಅಥವಾ ಹಾಲು ಕುಡಿಸುವುದು ಸಲ್ಲದು. ಸೆಳೆತವಿದ್ದರೆ ತೊಳೆಯುತ್ತ ಕೂರದೆ, ಡಬ್ಬದ ಚೀಟಿ ಸಮೇತ ಪಶುವೈದ್ಯರಲ್ಲಿಗೆ ಧಾವಿಸಬೇಕು.

5. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೀರ್ಮಾನವಾಗದಿದ್ದರೆ ಗೋಣಿಬೀಡು ಕಡೆಯವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ದೂರವಿಲ್ಲ.

ಬೆಕ್ಕು ಹೇಳುವ ಮಾತು

ಜಪಾನಿನ ಕಡಲತೀರದ ಊರಾದ ಮಿನಮಾಟದಲ್ಲಿ 1950ರ ದಶಕದಲ್ಲಿ ಬೆಕ್ಕುಗಳು ತೂರಾಡಿ, ಸೆಳೆತ ಬಂದು ಸಾಯತೊಡಗಿದವು. ಜನ ಅದನ್ನು ಬೆಕ್ಕು ಕುಣಿಯುವ ರೋಗವೆಂದು ಕರೆದರು. 1956ರಲ್ಲಿ ಅದೇ ಬಗೆಯ ಕಾಯಿಲೆ ಮನುಷ್ಯರಲ್ಲಿ ಅಧಿಕೃತವಾಗಿ ದಾಖಲಾಯಿತು. ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸ ಮೀನುಗಳ ಮೂಲಕ ಬೆಕ್ಕುಗಳಿಗೂ ಜನರಿಗೂ ಸೇರಿತ್ತೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಬೆಕ್ಕು ಅದುರಿದಾಗಲೆಲ್ಲ ವಿಷವೇ ಕಾರಣವೆಂದು ಇದರ ಅರ್ಥವಲ್ಲ. ನಾವು ನಡೆಯುವ ನೆಲದಲ್ಲೇ ನಡೆದು, ನಮ್ಮ ಒಲೆಯ ಪಕ್ಕದಲ್ಲೇ ಮಲಗಿ, ಮೈಗೆ ತಗುಲಿದ್ದನ್ನೆಲ್ಲ ನೆಕ್ಕುವ ಪ್ರಾಣಿಯಲ್ಲಿ ಮನೆಯ ಕೇಡು ನಮಗಿಂತ ಮೊದಲು ಕಾಣಿಸಬಹುದು.

ಆದುದರಿಂದ ಬೆಕ್ಕಿನ ಬೆನ್ನು ಅದುರಿದರೆ ಮಂತ್ರಿಸಿದ ದಾರಕ್ಕೂ ದೊಣ್ಣೆಗೂ ಮೊದಲು ಹಣಿಗೆ, ಬಿಳಿ ಕಾಗದ, ಒಂದು ಪುಸ್ತಕ ಇವನ್ನು ಕೈಗೆ ತೆಗೆದುಕೊಳ್ಳಿರಿ. ಶೆಡ್ಡಿನ ಮೂಲೆಯನ್ನು ಅದೇ ದಿನ ಶುಚಿಮಾಡಿರಿ. ಇದರಿಂದ ಬೆಕ್ಕಿನ ಜೊತೆಗೆ ಮನೆಮಂದಿಯ ಆರೋಗ್ಯವನ್ನೂ ಕಾಪಾಡಿಕೊಂಡಂತಾಗುತ್ತದೆ.