ಮುಪ್ಪು ಮತ್ತು ಮರೆವು

ದೇವರ ಹಿಪ್ಪರಗಿಯ ಸಂತೆಯಲ್ಲಿ ಕಂಡ ಪರಿಚಿತರ ಹೆಸರು ವೃದ್ಧ ತಂದೆಯವರಿಗೆ ತಡವಾಗಿ ನೆನಪಾದರೆ, ಅಷ್ಟರಿಂದಲೇ ರೋಗವೆಂದು ಅಂಜಬೇಕಾಗಿಲ್ಲ. ವಯಸ್ಸಾದಂತೆ ಮೆದುಳು ತುಸು ಕುಗ್ಗುವುದು, ನೆನಪು ನಿಧಾನವಾಗುವುದು ಸಹಜ. ಆದರೆ ನಿತ್ಯ ನಡೆಯುವ ಹೊಲದ ದಾರಿಯೇ ತಪ್ಪಿದರೆ, ಆಗತಾನೆ ಉಂಡುದೇ ಪದೇ ಪದೇ ಮರೆತುಹೋದರೆ, ‘ಅರಳುಮರಳು’ ಎಂದು ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕು.

ಸಹಜ ಮುಪ್ಪಿಗೂ ರೋಗಕ್ಕೂ ಇರುವ ಅಂತರವನ್ನು ಅರಿಯಲು ಆರೋಗ್ಯವಂತರನ್ನೇ ಪರೀಕ್ಷಿಸಬೇಕಾಗುತ್ತದೆ. ಇದಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನವನ್ನು ಆರಂಭಿಸಿತು. 45 ವರ್ಷ ತುಂಬಿದ 10,000 ಗ್ರಾಮಸ್ಥರ ನೆನಪಿನ ಶಕ್ತಿ, ರಕ್ತ ಹಾಗೂ ಮೆದುಳನ್ನು ಹಲವು ವರ್ಷಗಳವರೆಗೆ ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ಇಷ್ಟು ಮುಂಚಿತವಾಗಿ ಏಕೆ? ಮರೆವಿನ ರೋಗವು ಹೊರಗೆ ಕಾಣಿಸುವ ಎಷ್ಟೋ ವರ್ಷಗಳ ಮೊದಲೇ ಮೆದುಳಿನಲ್ಲಿ ಬದಲಾವಣೆಗಳು ತೊಡಗಿರುತ್ತವೆ.

ಆದ್ದರಿಂದ ದಂಪತಿಗಳು ನಡುವಯಸ್ಸಿನಲ್ಲಿಯೇ ಎಚ್ಚರ ವಹಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಿರಿ. ತಂಬಾಕು, ಮದ್ಯಗಳನ್ನು ತ್ಯಜಿಸಿರಿ. ಕಿವಿ ಮಂದವಾದರೆ ತೋರಿಸಿಕೊಳ್ಳಿರಿ. ಮನೆಯ ಹಿರಿಯರನ್ನು ಮೂಲೆಗೆ ಕೂರಿಸದೆ, ಮಾತುಕತೆಯಲ್ಲಿಯೂ ಕೈಲಾಗುವ ಕೆಲಸದಲ್ಲಿಯೂ ಸೇರಿಸಿಕೊಳ್ಳಿರಿ.